ಕಡಲಿಗೆ ಮರಳಿದವರು ಮತ್ತು ನಮ್ಮೂರಿನ ‘ಗ್ಯಾಪ್’ ಪ್ರಶ್ನೆ

2025ರ ಮೇ 29ರಂದು ಗೋವಾದ ಮರ್ಮುಗೋವಾ ಬಂದರಿಗೆ ‘ತಾರಿಣಿ’ ಎಂಬ 56 ಅಡಿ ಉದ್ದದ ಹಾಯಿದೋಣಿ ಬಂದು ಸೇರಿತು. ಅದರಲ್ಲಿ ಇದ್ದವರು ಇಬ್ಬರೇ. ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. 2024ರ ಅಕ್ಟೋಬರ್ 2ರಂದು ಗೋವಾದಿಂದಲೇ ಹೊರಟಿದ್ದ ಇವರು ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟಾನ್ಲಿ, ಕೇಪ್‌ಟೌನ್ ಬಂದರುಗಳಲ್ಲಿ ತಂಗಿ, ಸುಮಾರು 25,400 ನಾಟಿಕಲ್ ಮೈಲು ಕ್ರಮಿಸಿ, ಎಂಟು ತಿಂಗಳ ನಂತರ ಮರಳಿದ್ದರು.

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಇದನ್ನು ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆದುಕೊಂಡಿರುತ್ತೇವೆ. ‘ನಾವಿಕಾ ಸಾಗರ ಪರಿಕ್ರಮ–2, ದೋಣಿ: ತಾರಿಣಿ.’ ಪ್ರಶ್ನೆ ಬಂದರೆ ಒಂದು ಅಂಕ, ಬರದಿದ್ದರೆ ಮರೆತುಹೋಗುವ ಸುದ್ದಿ. ಆದರೆ ಆ ಸಾಲಿನ ಹಿಂದೆ ಹೋದರೆ ನಮ್ಮಂಥವರಿಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಶ್ನೆ ಸಿಗುತ್ತದೆ. ಒಮ್ಮೆ ಕೆಲಸದಿಂದ, ಆಟದಿಂದ, ಓದಿನಿಂದ ಹೊರಗೆ ಉಳಿದವರು ಮರಳಿ ಬರುವುದು ಹೇಗೆ? ಮರಳುವವರಿಗೆ ಜಾಗ ಇಟ್ಟಿರುವವರು ಯಾರು?

ನಮ್ಮ ಹೊಳೆಯ ಹೆಸರಿನ ದೋಣಿ

ನವಲಗುಂದದವರಿಗೆ ಕಡಲು ದೂರ. ನಮ್ಮದು ಎರೆಭೂಮಿ, ಹೆಸರು–ಕಡಲೆ–ಹತ್ತಿ–ಮೆಣಸಿನಕಾಯಿಯ ಸೀಮೆ. ನೀರು ಅಂದರೆ ಒಂದೋ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹೊಲ ತೊಳೆದುಕೊಂಡು ಹೋಗುವುದು, ಇಲ್ಲವೇ ಮಲಪ್ರಭಾ ಕಾಲುವೆ ಒಣಗಿ ನಿಲ್ಲುವುದು. ಆದರೂ ಭಾರತದ ಸಾಗರಯಾನದ ಚರಿತ್ರೆಯಲ್ಲಿ ನಮಗೆ ಗೊತ್ತಿರುವ ಒಂದು ಹೆಸರಿದೆ. ತಾರಿಣಿಗಿಂತ ಮೊದಲು, 2009ರಲ್ಲಿ ನೌಕಾಪಡೆ ಸೇರಿದ, ಗೋವಾದ ದಿವಾಡಿ ದ್ವೀಪದಲ್ಲಿ ಕಟ್ಟಿದ ದೋಣಿಯ ಹೆಸರು ‘ಮ್ಹಾದೇಯಿ’. ಅಂದರೆ ನಮ್ಮ ಮಹದಾಯಿ. ಖಾನಾಪುರದ ಕಾಡಿನಲ್ಲಿ ಹುಟ್ಟಿ, ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುವ ಹೊಳೆ. ಕಳಸಾ–ಬಂಡೂರಿಗಾಗಿ ನಮ್ಮ ಹಿರಿಯರು ವರ್ಷಗಟ್ಟಲೆ ಧರಣಿ ಕೂತದ್ದು, 2018ರಲ್ಲಿ ನ್ಯಾಯಮಂಡಳಿ 3.90 ಟಿಎಂಸಿ ಕೊಟ್ಟದ್ದು ಇದೇ ಹೊಳೆಯ ನೀರಿನಲ್ಲಿ.

ಆ ದೋಣಿಯಲ್ಲಿ 2009–10ರಲ್ಲಿ ದಿಲೀಪ್ ದೊಂದೆ ಒಬ್ಬರೇ ಭೂಮಿ ಸುತ್ತಿ ಬಂದರು. ಅವರು ನಡುವೆ ಬಂದರುಗಳಲ್ಲಿ ನಿಂತಿದ್ದರು. 2012ರ ನವೆಂಬರ್ 1ರಂದು ಮುಂಬೈಯಿಂದ ಹೊರಟ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ, ಯಾರ ನೆರವೂ ಪಡೆಯದೆ, 2013ರ ಮಾರ್ಚ್ 31ರಂದು ಮರಳಿದರು. ಹೀಗೆ ಮಾಡಿದ ಮೊದಲ ಭಾರತೀಯ ಅವರು. ಅದಕ್ಕೆ ಕೀರ್ತಿಚಕ್ರವೂ ಬಂತು. ಇಲ್ಲಿಯವರೆಗಿನದು ಸಾಧನೆಯ ಕಥೆ. ನನಗೆ ಮುಖ್ಯವೆನಿಸುವುದು ಅದರ ನಂತರದ ಭಾಗ.

ಬಿದ್ದವನು ಎದ್ದ ಬಗೆ

2018ರ ಜುಲೈ 1ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿನಿಂದ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆ ಶುರುವಾಯಿತು. ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತಬೇಕು. ಜಿಪಿಎಸ್ ಬಳಸುವಂತಿಲ್ಲ. ಕಾಗದದ ನಕಾಶೆ, ಸೂರ್ಯ–ನಕ್ಷತ್ರ ನೋಡಿ ಲೆಕ್ಕ ಹಾಕುವ ಸೆಕ್ಸ್‌ಟಂಟ್ ಇಷ್ಟೇ ಗತಿ. ಟಾಮಿ ಗೋವಾದಲ್ಲಿ ಕಟ್ಟಿದ ‘ತುರೀಯ’ ದೋಣಿಯಲ್ಲಿ ಹೊರಟಿದ್ದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲು ದೂರದಲ್ಲಿ ಬಿರುಗಾಳಿಗೆ ದೋಣಿ ಉರುಳಿತು. ಹಾಯಿಗಂಬ ಮುರಿಯಿತು. ಅವರ ಬೆನ್ನುಮೂಳೆಯೂ ಮುರಿಯಿತು. ಮೂರು ದಿನ ಅಲುಗಾಡಲಾಗದೆ ದೋಣಿಯೊಳಗೆ ಬಿದ್ದಿದ್ದ ಅವರನ್ನು ‘ಒಸಿರಿಸ್’ ಎಂಬ ಫ್ರೆಂಚ್ ಹಡಗು ಎತ್ತಿಕೊಂಡಿತು. ಊರಿಗೆ ಬಂದ ಮೇಲೆ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿ ಟೈಟಾನಿಯಂ ಸರಳು ಕೂರಿಸಿದರು. ಮತ್ತೆ ನಡೆಯುವುದನ್ನೇ ಕಲಿಯಬೇಕಾಯಿತು.

ಇಂಥ ಮನುಷ್ಯ ಮನೆಯಲ್ಲಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೆಂಡತಿ, ಇಬ್ಬರು ಎಳೆಯ ಮಕ್ಕಳು, ನೌಕಾಪಡೆಯ ಕೆಲಸ ಎಲ್ಲವೂ ಇತ್ತು. ಅವರು ಮತ್ತೆ ವಿಮಾನ ಹಾರಿಸಿದರು. 2021ರಲ್ಲಿ ನಿವೃತ್ತಿ ಪಡೆದರು. 2022ರ ಸೆಪ್ಟೆಂಬರ್ 4ರಂದು ಅದೇ ಬಂದರಿನಿಂದ ಅದೇ ಸ್ಪರ್ಧೆಗೆ ಮತ್ತೆ ಹೊರಟರು. ಈ ಸಲ ಪ್ರಾಯೋಜಕತ್ವ ಸಿಕ್ಕಿದ್ದು ಯುಎಇಯ ‘ಬಯಾನತ್’ ಸಂಸ್ಥೆಯಿಂದ. ಹೊರಟವರು 16 ಮಂದಿ, ಮುಖ್ಯ ವಿಭಾಗದಲ್ಲಿ ಗುರಿ ಮುಟ್ಟಿದವರು ಮೂವರೇ. 2023ರ ಏಪ್ರಿಲ್ 29ರಂದು, 236 ದಿನಗಳ ನಂತರ, ಟಾಮಿ ಎರಡನೆಯವರಾಗಿ ಬಂದರು. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ. ನಡುವೆ ದೋಣಿ ಮುಳುಗಿ ನೀರಿನಲ್ಲಿದ್ದ ಇನ್ನೊಬ್ಬ ಸ್ಪರ್ಧಿಯನ್ನು ಕಾಪಾಡಿ, ಮತ್ತೆ ಓಟ ಮುಂದುವರಿಸಿ ಗೆದ್ದವರು ಅವರು.

ದಿಲ್ನಾ ಮತ್ತು ರೂಪಾ ಅವರಿಗೆ ತರಬೇತಿ ಕೊಟ್ಟವರು ಇದೇ ಟಾಮಿ. ಬಿದ್ದು ಎದ್ದವರ ಅನುಭವ ಮುಂದಿನವರ ಕೈಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ತಾರಿಣಿಯ ಸುರಕ್ಷಿತ ಮರಳುವಿಕೆಯೇ ಸಾಕ್ಷಿ. ಮರಳಿ ಬರುವವರಿಗೆ ಬಾಗಿಲು ಹಾಕಿದರೆ ನಷ್ಟ ಅವರಿಗೆ ಮಾತ್ರ ಅಲ್ಲ.

ತಾಯಿಯಾದದ್ದೇ ತಪ್ಪಾಯಿತೇ?

ಟಾಮಿಯವರ ದಾರಿಗೆ ಅಡ್ಡ ಬಂದದ್ದು ಬಿರುಗಾಳಿ. ಫ್ರಾನ್ಸಿನ ಕ್ಲಾರಿಸ್ ಕ್ರೆಮರ್ ಅವರ ದಾರಿಗೆ ಅಡ್ಡ ಬಂದದ್ದು ಒಂದು ನಿಯಮ.

‘ವಾಂದೇ ಗ್ಲೋಬ್’ ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆ. 2020–21ರಲ್ಲಿ ಕ್ರೆಮರ್ 87 ದಿನಗಳಲ್ಲಿ ಮುಗಿಸಿ 12ನೇ ಸ್ಥಾನ ಪಡೆದರು. ಆವರೆಗೆ ಈ ಸ್ಪರ್ಧೆಯಲ್ಲಿ ಯಾವ ಮಹಿಳೆಯೂ ಅಷ್ಟು ಬೇಗ ಮುಗಿಸಿರಲಿಲ್ಲ. 2022ರ ನವೆಂಬರ್‌ನಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಮಗುವಿಗಾಗಿ ಒಂದು ಋತು ಕಡಲಿನಿಂದ ದೂರವಿದ್ದರು. ಮುಂದಿನ ಸ್ಪರ್ಧೆಯಲ್ಲಿ ಜಾಗ 40 ಮಾತ್ರ, ಆಕಾಂಕ್ಷಿಗಳು ಹೆಚ್ಚು. ಆದ್ದರಿಂದ ಅರ್ಹತಾ ಸ್ಪರ್ಧೆಗಳಲ್ಲಿ ಯಾರು ಎಷ್ಟು ಮೈಲು ಕ್ರಮಿಸಿದ್ದಾರೆ ಎಂಬ ಲೆಕ್ಕ ನೋಡುತ್ತಿದ್ದರು. ಗರ್ಭಿಣಿಯಾಗಿದ್ದ ಕಾಲದಲ್ಲಿ ಕ್ರೆಮರ್ ಅವರ ಮೈಲು ಸೊನ್ನೆ. ಉಳಿದವರದು ಏರುತ್ತಲೇ ಇತ್ತು. ಅರ್ಹತೆ ಸಿಗದೇ ಹೋದರೆ ಎಂಬ ಕಾರಣ ಕೊಟ್ಟು 2023ರ ಫೆಬ್ರುವರಿಯಲ್ಲಿ ಅವರ ಪ್ರಾಯೋಜಕ ಬ್ಯಾಂಕು ಅವರನ್ನು ಕೈಬಿಟ್ಟಿತು.

ಫ್ರಾನ್ಸಿನಲ್ಲಿ ಗದ್ದಲವೆದ್ದಿತು. ಕೊನೆಗೆ ಆ ಬ್ಯಾಂಕೇ ಆ ಸ್ಪರ್ಧೆಯಿಂದ ಹಿಂದೆ ಸರಿಯಿತು. ಬ್ರಿಟನ್ನಿನ ಹಳೆಯ ನಾವಿಕ ಅಲೆಕ್ಸ್ ಥಾಮ್ಸನ್ ಅವರ ತಂಡ ಹೊಸ ಪ್ರಾಯೋಜಕರನ್ನು ಹುಡುಕಿಕೊಟ್ಟಿತು. ಉಳಿದಿದ್ದ ಅಲ್ಪ ಸಮಯದಲ್ಲಿ ಕ್ರೆಮರ್ ಅಟ್ಲಾಂಟಿಕ್ ಸ್ಪರ್ಧೆಗಳಲ್ಲಿ ಮೈಲು ಕೂಡಿಸಿದರು. 2024ರ ನವೆಂಬರ್ 10ರಂದು ಹೊರಟ 40 ದೋಣಿಗಳಲ್ಲಿ ಅವರದೂ ಒಂದು. 77 ದಿನಗಳಲ್ಲಿ ಮುಗಿಸಿ 11ನೆಯವರಾದರು. ಅಂದರೆ ತಾಯಿಯಾಗುವ ಮೊದಲಿಗಿಂತ ಹತ್ತು ದಿನ ಬೇಗ, ಒಂದು ಸ್ಥಾನ ಮೇಲೆ. ಹೊಸ ದೋಣಿಯ ವೇಗವೂ ಅದರಲ್ಲಿ ಸೇರಿದೆ, ನಿಜ. ಆದರೆ ‘ಬಿಟ್ಟು ಬಂದವಳಿಗೆ ಇನ್ನು ಆಗುವುದಿಲ್ಲ’ ಎಂಬ ಮಾತಂತೂ ಸುಳ್ಳಾಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ನಿಯಮದಲ್ಲಿ ‘ತಾಯಂದಿರಿಗೆ ಪ್ರವೇಶವಿಲ್ಲ’ ಎಂದು ಎಲ್ಲೂ ಬರೆದಿರಲಿಲ್ಲ. ಎಲ್ಲರಿಗೂ ಒಂದೇ ಲೆಕ್ಕ, ಒಂದೇ ಅಳತೆ. ನೋಡಲು ನ್ಯಾಯವಾಗಿಯೇ ಇತ್ತು. ಆದರೆ ಆ ಅಳತೆ ‘ನಡುವೆ ಯಾರೂ ನಿಲ್ಲುವುದಿಲ್ಲ’ ಎಂದು ಮೊದಲೇ ಊಹಿಸಿಕೊಂಡಿತ್ತು. ನಿಂತವರಿಗೆ ತನ್ನಿಂದ ತಾನೇ ಶಿಕ್ಷೆಯಾಯಿತು.

ಕುಂದಗೋಳದ ರೈಲು

ಇದು ಫ್ರಾನ್ಸಿನ ಮಾತು, ನಮಗೇನು ಎನ್ನುವವರು ಕುಂದಗೋಳದ ಸ್ಟೇಷನ್ನಿನ ಬಳಿ ಒಮ್ಮೆ ನಿಂತು ಯೋಚಿಸಬೇಕು. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಆಗ ಅವರು ವಿದ್ಯಾರ್ಥಿನಿಯ ವಯಸ್ಸಿನ ಹುಡುಗಿಯಲ್ಲ. ಹದಿನಾರಕ್ಕೆ ಮದುವೆಯಾಗಿ ಮಕ್ಕಳ ತಾಯಿಯಾಗಿದ್ದರು. ಮೊದಲೇ ಬೇರೆ ಗುರುಗಳ ಬಳಿ ಕಲಿತು ಹಾಡುತ್ತಿದ್ದವರು. ಆದರೂ ಮತ್ತೆ ಶಿಷ್ಯೆಯಾಗಿ ಕೂತರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ಶಿಷ್ಯೆಗೆ.

ಅವರ ಛಲವನ್ನು ಎಲ್ಲರೂ ಹೊಗಳುತ್ತೇವೆ. ಆದರೆ ಛಲದ ಜೊತೆಗೆ ಇನ್ನೆರಡು ಇದ್ದವು: ಸಂಜೆಗೆ ಮನೆಗೆ ಮರಳಿಸುವ ಒಂದು ರೈಲು, ‘ಮಕ್ಕಳಾದ ಮೇಲೆ ಯಾಕೆ ಬಂದೆ’ ಎಂದು ಕೇಳದ ಒಬ್ಬ ಗುರು. ಟಾಮಿಯವರಿಗೆ ಪ್ರಾಯೋಜಕ, ಕ್ರೆಮರ್ ಅವರಿಗೆ ಥಾಮ್ಸನ್ ತಂಡ, ಗಂಗೂಬಾಯಿಯವರಿಗೆ ರೈಲು ಮತ್ತು ಗುರು. ಮರಳಿ ಬಂದವರ ಕಥೆಗಳಲ್ಲೆಲ್ಲ ಒಬ್ಬರ ಗಟ್ಟಿತನದ ಜೊತೆಗೆ ಹೊರಗಿನದೊಂದು ಆಸರೆ ಇದ್ದೇ ಇರುತ್ತದೆ. ನಾವು ಮೊದಲನೆಯದನ್ನು ಮಾತ್ರ ಭಾಷಣದಲ್ಲಿ ಹೇಳುತ್ತೇವೆ.

‘ಇಲ್ಲೊಂದು ಗ್ಯಾಪ್ ಐತಲ್ಲ?’

ಈಗ ನಮ್ಮ ವಿಷಯಕ್ಕೆ ಬರೋಣ. ಪದವಿ ಮುಗಿಸಿ ಧಾರವಾಡದಲ್ಲಿ ರೂಮು ಮಾಡಿ ಓದುತ್ತಿದ್ದಾಗ ನಮ್ಮಪ್ಪನಿಗೆ ಪಾರ್ಶ್ವವಾಯು ಆಯಿತು. ಊರಿಗೆ ಹೋದೆ. ಒಂದೂವರೆ ವರ್ಷ ಅಪ್ಪನನ್ನೂ ಹೊಲವನ್ನೂ ನೋಡಿಕೊಂಡೆ. ಆಳುಗಳ ಪಗಾರದ ಲೆಕ್ಕ, ಬ್ಯಾಂಕಿನ ಬೆಳೆಸಾಲ, ಬೆಳೆವಿಮೆಯ ಅರ್ಜಿ, ಮಾರುಕಟ್ಟೆಯಲ್ಲಿ ಹೆಸರುಕಾಳಿನ ಮಾರಾಟ ಎಲ್ಲ ನನ್ನ ಪಾಲಿಗೆ ಬಂದವು. ಆಮೇಲೆ ಒಂದು ಖಾಸಗಿ ಕಚೇರಿಯ ಸಂದರ್ಶನಕ್ಕೆ ಹೋದಾಗ ಕಾಗದ ತಿರುವಿ ನೋಡಿದವರು ಕೇಳಿದ್ದು ಒಂದೇ ಪ್ರಶ್ನೆ: ‘ಇಲ್ಲೊಂದು ಗ್ಯಾಪ್ ಐತಲ್ಲ, ಏನ್ ಮಾಡ್ತಿದ್ರಿ?’ ‘ಮನ್ಯಾಗ ಇದ್ದೆ ಸರ್’ ಅಂದೆ. ಅವರು ತಲೆ ಅಲ್ಲಾಡಿಸಿ ಕಾಗದ ಮುಚ್ಚಿದರು.

ತಪ್ಪು ಅವರದೊಂದೇ ಅಲ್ಲ. ‘ಮನ್ಯಾಗ ಇದ್ದೆ’ ಎಂದು ಹೇಳಿದವ ನಾನು. ಒಂದೂವರೆ ವರ್ಷದ ದುಡಿಮೆಯನ್ನು ನಾನೇ ಎರಡು ಶಬ್ದದಲ್ಲಿ ಸೊನ್ನೆ ಮಾಡಿದ್ದೆ. ಇದನ್ನು ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ನನ್ನದು ಗಂಡುಮಗನ ಕಥೆ. ಹೆಣ್ಣುಮಕ್ಕಳದು ಇದರ ಹತ್ತುಪಟ್ಟು. ಅಣ್ಣಿಗೇರಿ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಪದವಿಯ ಕೊನೆಯ ವರ್ಷದಲ್ಲೇ ಲಗ್ನ ನಿಶ್ಚಯವಾಗುವುದು ಹೊಸದಲ್ಲ. ಎರಡು–ಮೂರು ವರ್ಷದ ನಂತರ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ‘ಮತ್ತೆ ಓದಬೇಕು ಅನಸ್ತದ’ ಎಂದರೆ, ‘ಈಗ್ಯಾಕವ್ವಾ ಅದೆಲ್ಲಾ?’ ಎಂಬ ಮಾತು ತವರಿನಿಂದಲೂ ಬರುತ್ತದೆ, ಅತ್ತೆಮನೆಯಿಂದಲೂ ಬರುತ್ತದೆ. ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023–24ರಲ್ಲಿ ದೇಶದ 15 ವರ್ಷ ಮೀರಿದ ಗಂಡಸರಲ್ಲಿ ಶೇ 78.8ರಷ್ಟು ಮಂದಿ ದುಡಿಮೆಯಲ್ಲಿದ್ದರು ಅಥವಾ ದುಡಿಮೆ ಹುಡುಕುತ್ತಿದ್ದರು. ಹೆಂಗಸರಲ್ಲಿ ಶೇ 41.7. ಈ ಅಂತರದಲ್ಲಿ ಓದಿದವರೂ ಇದ್ದಾರೆ, ರ‍್ಯಾಂಕ್ ಬಂದವರೂ ಇದ್ದಾರೆ.

ಇದಲ್ಲದೆ ನಾವು ಕೇಳದೇ ಬಂದ ಬಿಡುವೂ ಒಂದಿದೆ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ರಾಜ್ಯ ಸಚಿವ ಸಂಪುಟ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ನ್ಯಾ. ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಒಳಮೀಸಲಾತಿ ದಶಕಗಳ ನ್ಯಾಯದ ಬೇಡಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾದ ತಿಂಗಳುಗಳು ಅಭ್ಯರ್ಥಿಯ ವಯಸ್ಸಿನಿಂದಲೇ ಕಳೆದುಹೋದವು. ಆ ಸೆಪ್ಟೆಂಬರ್‌ನಲ್ಲಿ ಧಾರವಾಡದ ಬೀದಿಗಿಳಿದ ಉದ್ಯೋಗಾಕಾಂಕ್ಷಿಗಳ ಬೇಡಿಕೆಗಳಲ್ಲಿ ನೇಮಕಾತಿಯ ಜೊತೆಗೆ ವಯೋಮಿತಿ ಸಡಿಲಿಕೆಯೂ ಇದ್ದದ್ದು ಅದಕ್ಕೇ.

ನಿಯಮದಲ್ಲಿ ಜಾಗವಿದೆ, ಇನ್ನಷ್ಟು ಬೇಕು

ರಾಜ್ಯದ ಬಹುತೇಕ ಗ್ರೂಪ್ ‘ಸಿ’ ಹುದ್ದೆಗಳಿಗೆ ಮೂಲ ನೇಮಕಾತಿ ನಿಯಮದಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ಪ್ರವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ–1ಕ್ಕೆ 40. ಇದರ ಮೇಲೆ ಮಾಜಿ ಸೈನಿಕರಿಗೆ ಅವರ ಸೇವಾವಧಿಯ ವಿನಾಯಿತಿ ಇದೆ. ವಿಧವೆಯರಿಗೆ 10 ವರ್ಷ ಇದೆ. ಅಂದರೆ ‘ಬದುಕು ಕೆಲವರನ್ನು ನಡುವೆ ನಿಲ್ಲಿಸುತ್ತದೆ, ಅದಕ್ಕೆ ಲೆಕ್ಕ ಕೊಡಬೇಕು’ ಎಂಬ ತತ್ವವನ್ನು ಸರ್ಕಾರ ಈಗಾಗಲೇ ಒಪ್ಪಿದೆ. ಹಾಗಿದ್ದ ಮೇಲೆ ಹೆರಿಗೆ ಮತ್ತು ಕೂಸಿನ ಪಾಲನೆಯಲ್ಲಿ ಕಳೆದ ವರ್ಷಗಳಿಗೂ ಒಂದು ಮಿತಿಯೊಳಗೆ ವಿನಾಯಿತಿ ಕೊಡುವುದು ತತ್ವಕ್ಕೆ ಹೊರತಾದ ಮಾತೇನಲ್ಲ. ‘ಮಗುವಿನ ಜನನ ಪ್ರಮಾಣಪತ್ರ ತೋರಿಸಿದರೆ ಒಂದು ವರ್ಷ’ ಎಂಬಷ್ಟು ಸರಳವಾಗಿಯೂ ಅದನ್ನು ಬರೆಯಬಹುದು.

ಹಾಗೆ ಮಾಡಿದರೆ ಎಲ್ಲರೂ ಒಂದೊಂದು ಕಾರಣ ತರುತ್ತಾರೆ, ಹೊಸದಾಗಿ ಪಾಸಾದವರಿಗೆ ಪೈಪೋಟಿ ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ವಯೋಮಿತಿ ಸಡಿಲಿಸಿದರೆ ಸಿಗುವುದು ಪರೀಕ್ಷೆ ಬರೆಯುವ ಅವಕಾಶ ಮಾತ್ರ. ಅಂಕ ಯಾರೂ ಕೊಡುವುದಿಲ್ಲ, ಅದನ್ನು ಗಳಿಸಲೇಬೇಕು. ಕ್ರೆಮರ್ ಕೂಡ ಬಿಟ್ಟಿ ಸ್ಥಾನ ಕೇಳಿರಲಿಲ್ಲ. ಹೊರಡುವ ಗೆರೆಯ ಮೇಲೆ ನಿಲ್ಲಲು ಬಿಡಿ ಎಂದಿದ್ದರು.

ರಜೆಯ ಕಾನೂನಿನಲ್ಲೂ ಇದೇ ತೊಡಕು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಗಿದೆ. ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆ ಒಟ್ಟು 730 ದಿನ, ರಾಜ್ಯದ ಮಹಿಳಾ ನೌಕರರಿಗೆ ಆರು ತಿಂಗಳ ರಜೆ ಇದೆ. ಒಳ್ಳೆಯದೇ. ಆದರೆ ಇದೆಲ್ಲ ನೌಕರಿ ಹಿಡಿದವರಿಗೆ. ನೌಕರಿ ಹುಡುಕುವಾಗಲೇ ತಾಯಿಯಾದವರಿಗೆ, ಅಂಗಡಿಯಲ್ಲೋ ಸಣ್ಣ ಖಾಸಗಿ ಶಾಲೆಯಲ್ಲೋ ದುಡಿಯುವವರಿಗೆ ಏನೂ ಇಲ್ಲ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಸಿಗುತ್ತದೆ. ಆದರೆ ಮುಂದೆ ಓದಲು ಸೇರಿದರೆ ಸಿಗುವುದಿಲ್ಲ. ಬಿಡುವಿನ ಕಾಲದಲ್ಲಿ ಓದಿಗೆ ಮರಳುವವರಿಗೇ ಆಸರೆ ತಪ್ಪುವುದು ಯೋಚಿಸಬೇಕಾದ ಸಂಗತಿ.

ಇದ್ದುದರಲ್ಲಿ ಎರಡು ವ್ಯವಸ್ಥೆಗಳು ನಮ್ಮ ಕಾಲದ ‘ಕುಂದಗೋಳದ ರೈಲು’ ಆಗಬಲ್ಲವು. ಒಂದು, 2023ರ ಜೂನ್‌ನಿಂದ ನಡೆಯುತ್ತಿರುವ ಶಕ್ತಿ ಯೋಜನೆ. ನವಲಗುಂದದಿಂದ ಹುಬ್ಬಳ್ಳಿಗೆ ದಿನವೂ ಹೋಗಿಬರುವ ಬಸ್ ಖರ್ಚಿನ ಮಾತೆತ್ತಿ ಮಗಳನ್ನೋ ಸೊಸೆಯನ್ನೋ ಮನೆಯಲ್ಲಿ ಕೂರಿಸುವ ನೆಪ ಈಗ ಇಲ್ಲ. ಎರಡು, ನರೇಗಾ ಕೆಲಸಕ್ಕೆ ಬರುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಆರಂಭವಾದ ‘ಕೂಸಿನ ಮನೆ’. ಅದೇ ಬಾಗಿಲು ಲೈಬ್ರರಿಗೆ, ತರಬೇತಿಗೆ ಹೋಗುವ ತಾಯಿಗೂ ತೆರೆದರೆ ಎಷ್ಟೋ ಜನ ಮರಳಿ ಪುಸ್ತಕ ಹಿಡಿದಾರು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಪಂಚಾಯಿತಿಯ ಮನಸ್ಸು ಬೇಕು.

ನಮ್ಮ ಕೈಯಲ್ಲಿ ಇರುವುದು

ನಿಯಮ ಬದಲಾಗುವವರೆಗೆ ಕಾಯುತ್ತ ಕೂರಲಾಗದು. ಬಿಡುವಿನಲ್ಲಿರುವ ಗೆಳೆಯ–ಗೆಳತಿಯರಿಗೆ ಮೂರು ಮಾತು.

ಒಂದು, ಬಿಡುವನ್ನು ಬಚ್ಚಿಡಬೇಡಿ, ಅದಕ್ಕೆ ಹೆಸರು ಕೊಡಿ. ‘ಮನೆಯಲ್ಲಿದ್ದೆ’ ಎನ್ನಬೇಡಿ. ‘ತಂದೆಯ ಆರೈಕೆ ಮಾಡುತ್ತ ಎಂಟು ಎಕರೆ ಜಮೀನಿನ ಲೆಕ್ಕ–ವ್ಯವಹಾರ ನೋಡಿಕೊಂಡೆ’ ಎಂದು ಬರೆಯಿರಿ. ಅದು ಸುಳ್ಳಲ್ಲ, ಜಂಬವೂ ಅಲ್ಲ. ಸ್ವಸಹಾಯ ಸಂಘದ ಪುಸ್ತಕ ಬರೆದಿದ್ದರೆ ಅದನ್ನೂ ಬರೆಯಿರಿ.

ಎರಡು, ಒಂದು ಎಳೆಯನ್ನಾದರೂ ಹಿಡಿದಿರಿ. ದಿನಕ್ಕೆ ಒಂದು ಗಂಟೆ ಪತ್ರಿಕೆ, ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ, ಆಗದಿದ್ದರೆ ಮುಕ್ತ ವಿಶ್ವವಿದ್ಯಾಲಯದ ಒಂದು ಕೋರ್ಸು. ಪೂರ್ತಿ ಬಿಟ್ಟವರಿಗಿಂತ ಎಳೆ ಹಿಡಿದವರು ಬೇಗ ಮರಳುತ್ತಾರೆ.

ಮೂರು, ಮನೆಯವರೊಡನೆ ಮೊದಲೇ ಮಾತಾಡಿ. ಎಷ್ಟು ತಿಂಗಳು, ಎಷ್ಟು ಹಣ, ಕೂಸನ್ನು ಯಾರು ನೋಡಬೇಕು, ಆಗದಿದ್ದರೆ ಮುಂದೇನು. ಈ ಮಾತು ಬಾಯಿ ಬಿಟ್ಟು ಆಡದೇ ಹೋದದ್ದರಿಂದಲೇ ಎಷ್ಟೋ ಕನಸು ಕೆಟ್ಟಿವೆ. ಇದು ಅಣ್ಣಂದಿರಿಗೂ, ಗಂಡಂದಿರಿಗೂ ಹೇಳುವ ಮಾತು. ಮರಳಿ ಓದಲು ಹೊರಟವಳಿಗೆ ಸಂಜೆಯ ರೊಟ್ಟಿ ಬಡಿಯುವ ಕೆಲಸದಿಂದ ಒಂದು ತಾಸು ಬಿಡುವು ಕೊಡುವುದು ದೊಡ್ಡ ತ್ಯಾಗವಲ್ಲ.

ನಮ್ಮಪ್ಪ ಈಗ ಕೋಲು ಹಿಡಿದು ಹೊಲದ ಬದುವಿನವರೆಗೆ ನಡೆಯುತ್ತಾರೆ. ನಾನು ಮತ್ತೆ ಧಾರವಾಡಕ್ಕೆ ಬಂದಿದ್ದೇನೆ. ಮುಂದಿನ ಅರ್ಜಿಯಲ್ಲಿ ಆ ಒಂದೂವರೆ ವರ್ಷದ ಜಾಗವನ್ನು ಖಾಲಿ ಬಿಡುವುದಿಲ್ಲ. ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದರೆ ಹೇಳುವ ಉತ್ತರವೂ ಬರೆದಿಟ್ಟಾಗಿದೆ.